ಕೆಂಪು ಪೆನ್ನು, ಟೈಪಿಸ್ಟ್ ಹುಡುಗಿ ಮತ್ತು ಒಂದು ಚೆಕ್ಕು



ಆಹ್ವಾನಪತ್ರಿಕೆಯಲ್ಲಿ ‘ಸೆಕ್ರೆಟರಿ’ ಎಂಬ ಹೆಸರು ನೋಡಿ, ಕಚೇರಿ ಆಡಳಿತದ ಬಗ್ಗೆ ನಾಲ್ಕು ಮಾತು ಕೇಳೋಣವೆಂದು ಬಂದವರಿದ್ದರೆ ಈಗಲೇ ಹೇಳಿಬಿಡುತ್ತೇನೆ: ಇದು ಅದಲ್ಲ. ‘ಸೆಕ್ರೆಟರಿ’ 2002ರ ಒಂದು ಅಮೆರಿಕನ್ ಚಿತ್ರ. ನಿರ್ದೇಶಕ ಸ್ಟೀವನ್ ಶೈನ್‌ಬರ್ಗ್, ಚಿತ್ರಕಥೆ ಎರಿನ್ ಕ್ರೆಸಿಡಾ ವಿಲ್ಸನ್ ಅವರದು. ಮುಖ್ಯ ಪಾತ್ರಗಳಲ್ಲಿ ಮ್ಯಾಗಿ ಜಿಲೆನ್‌ಹಾಲ್ ಮತ್ತು ಜೇಮ್ಸ್ ಸ್ಪೇಡರ್. ಆ ವರ್ಷದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಮುಜುಗರ ಹುಟ್ಟಿಸುವ ಚಿತ್ರವೆಂಬುದು ನನಗೂ ಗೊತ್ತು. ಆದರೆ ಮುಜುಗರವನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರೆ ವಿಷಯವೂ ಅದರ ಜೊತೆಗೇ ಹೊರಟುಹೋಗುತ್ತದೆ. ಅದೂ ನಮ್ಮ ಜೊತೆ ಕೂತಿರಲಿ.

ಮೊದಲ ದೃಶ್ಯದಲ್ಲಿ ಒಬ್ಬ ತರುಣಿ ಕಚೇರಿಯೊಳಗೆ ಓಡಾಡುತ್ತಿದ್ದಾಳೆ. ಹೆಗಲ ಮೇಲೆ ಅಡ್ಡಕ್ಕೊಂದು ಕಂಬಿ. ಎರಡೂ ಕೈಗಳನ್ನು ಚಾಚಿ ಅದಕ್ಕೆ ಕಟ್ಟಲಾಗಿದೆ. ಹಾಗಿದ್ದೇ ಅವಳು ಗಲ್ಲದಿಂದ ಸ್ಟೇಪ್ಲರ್ ಒತ್ತುತ್ತಾಳೆ, ಕಾಗದವನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಾಳೆ, ಕಾಫಿ ಮಾಡಿ ಸಾಹೇಬರ ಕೋಣೆಗೆ ಒಯ್ಯುತ್ತಾಳೆ. ಮುಖದಲ್ಲಿ ನೋವಿಲ್ಲ, ನಾಚಿಕೆಯಿಲ್ಲ. ಕೆಲಸ ಕೈವಶವಾದವರ ಮುಖದಲ್ಲಿ ಕಾಣುವ ನೆಮ್ಮದಿ ಇದೆ. ನೋಡುವವರಿಗೆ ನಗಬೇಕೋ ಗಾಬರಿಯಾಗಬೇಕೋ ತಿಳಿಯುವುದಿಲ್ಲ. ಅಷ್ಟರಲ್ಲಿ ಚಿತ್ರ ಆರು ತಿಂಗಳು ಹಿಂದಕ್ಕೆ ಹೋಗುತ್ತದೆ.

ಇವಳ ಹೆಸರು ಲೀ ಹಾಲೊವೇ. ಮಾನಸಿಕ ಆಸ್ಪತ್ರೆಯಿಂದ ಮನೆಗೆ ಬರುವ ದಿನವೇ ಒಡಹುಟ್ಟಿದವಳ ಮದುವೆ. ಅಪ್ಪನಿಗೆ ಕುಡಿತ. ಅಮ್ಮ ಅಡುಗೆಮನೆಯ ಚಾಕುಗಳಿಗೆಲ್ಲ ಬೀಗ ಹಾಕುವಷ್ಟು ಹೆದರಿದವಳು. ಸಂಕಟ ಉಕ್ಕಿದಾಗ ತನ್ನ ಮೈಗೆ ತಾನೇ ನೋವು ಮಾಡಿಕೊಳ್ಳುವ ಚಾಳಿ ಲೀಗೆ ಅಂಟಿಕೊಂಡಿದೆ. ನಮಗೆ ಇಲ್ಲಿ ‘ಶರಪಂಜರ’ ನೆನಪಾಗದೆ ಇರುವುದಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ಚಿತ್ರ ಅದು. ಅದರಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿಯೂ ಆಸ್ಪತ್ರೆಯಿಂದ ಮನೆಗೆ ಮರಳಿದವಳು. ಎಲ್ಲರ ಕಣ್ಣೂ ಅವಳ ಮೇಲೆ. ಗಂಡನಿಗೆ ಕಚೇರಿಯ ಸಹೋದ್ಯೋಗಿಯ ಜೊತೆ ಸಂಬಂಧ. ಕಾವೇರಿಗೆ ಕಚೇರಿಯೆಂದರೆ ತನ್ನ ಗಂಡನನ್ನು ಕಿತ್ತುಕೊಂಡ ಜಾಗ. ಲೀಗಾದರೋ ಮನೆಯವರ ಕಣ್ಣು ತಪ್ಪಿಸಿ ಉಸಿರಾಡಲು ಸಿಕ್ಕ ಜಾಗವೇ ಕಚೇರಿ.

ಆಕೆ ಟೈಪಿಂಗ್ ಕಲಿಯುತ್ತಾಳೆ, ಎಡ್ವರ್ಡ್ ಗ್ರೇ ಎಂಬ ವಕೀಲನ ಬಳಿ ಕೆಲಸ ಕೇಳಿಕೊಂಡು ಹೋಗುತ್ತಾಳೆ. ಸೆಕ್ರೆಟರಿ ಬೇಕಾಗಿದ್ದಾರೆ ಎಂಬ ಬೋರ್ಡು ಹೊರಗಿದೆ. ಲಾಡ್ಜುಗಳ ಮುಂದೆ ರೂಮು ಖಾಲಿ ಇದೆಯೆಂದು ಹೊತ್ತಿಸುವ ದೀಪವಿರುತ್ತದಲ್ಲ, ಅಂಥದ್ದೇ ದೀಪ ಆ ಬೋರ್ಡಿಗೂ ಇದೆ! ಅಂದರೆ ಅಲ್ಲಿ ಜಾಗ ಆಗಾಗ ಖಾಲಿಯಾಗುತ್ತಲೇ ಇರುತ್ತದೆ. ಲೀ ಒಳಗೆ ಹೋಗುವ ಹೊತ್ತಿಗೆ ಹಿಂದಿನ ಸೆಕ್ರೆಟರಿ ಅಳುತ್ತ ಹೊರಗೆ ಹೊರಟಿದ್ದಾಳೆ. ಚಿತ್ರ ಅವಳಿಗೆ ಕೊಡುವುದು ಕೆಲವೇ ಕ್ಷಣ. ನೀವು ಮಾತ್ರ ಅವಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಳಗೆ ಆರ್ಕಿಡ್ ಗಿಡಗಳು, ಮಬ್ಬು ಬೆಳಕು. ಕಂಪ್ಯೂಟರ್ ಇಲ್ಲ, ಟೈಪ್‌ರೈಟರ್ ಇದೆ. ಗ್ರೇ ಕೇಳುವ ಪ್ರಶ್ನೆಗಳಲ್ಲಿ ಗರ್ಭಿಣಿಯೇ ಎಂಬುದೂ ಒಂದು. ಕೇಳುತ್ತಿರುವವನು ವಕೀಲ! ಇದು ಬಹಳ ಬೇಸರದ ಕೆಲಸ ಎಂದು ಅವನು ಎಚ್ಚರಿಸಿದರೆ, ಬೇಸರದ ಕೆಲಸವೇ ತನಗಿಷ್ಟ ಎನ್ನುತ್ತಾಳೆ ಅವಳು.

ಮುಂದಿನದೆಲ್ಲ ಕೆಂಪು ಪೆನ್ನಿನ ಕಥೆ. ಪತ್ರದಲ್ಲಿ ಒಂದಕ್ಷರ ತಪ್ಪಿದರೂ ಗ್ರೇ ಕೆಂಪು ಸುತ್ತು ಹಾಕುತ್ತಾನೆ. ಒಂದು ದಿನ ಲೀಯನ್ನು ಮೇಜಿನ ಮೇಲೆ ಬಗ್ಗಿಸಿ ನಿಲ್ಲಿಸಿ, ಪತ್ರವನ್ನು ಗಟ್ಟಿಯಾಗಿ ಓದಿಸುತ್ತ ಹಿಂದಿನಿಂದ ಹೊಡೆಯುತ್ತಾನೆ. ಚಿತ್ರದ ಕುಖ್ಯಾತಿಗೆಲ್ಲ ಕಾರಣ ಆ ದೃಶ್ಯ. ಹೊಡೆತ ನಿಂತಾಗ ಲೀಯ ಕಿರುಬೆರಳು ಮೆಲ್ಲಗೆ ಸರಿದು ಅವನ ಬೆರಳನ್ನು ತಾಕುತ್ತದೆ. ಜಿಲೆನ್‌ಹಾಲ್ ಮುಖದಲ್ಲಿ ಅವಮಾನ, ಬೆರಗು, ಆಸೆ ಒಂದರ ಹಿಂದೊಂದು ಬಂದುಹೋಗುತ್ತವೆ. ಯಾವುದು ಯಾವಾಗ ಮುಗಿಯಿತೆಂದು ಹೇಳಲಾಗದು. ಆಕೆಯನ್ನು ದೊಡ್ಡ ನಟಿಯೆಂದು ಜನ ಗುರುತಿಸಿದ್ದು ಈ ಚಿತ್ರದಿಂದಲೇ.

ಹೊಡೆಯುವವನೇ ಕಾಯುತ್ತಾನೆ ಕೂಡ. ಇನ್ನು ಮುಂದೆ ನಿನ್ನ ಮೈಗೆ ನೀನು ನೋವು ಮಾಡಿಕೊಳ್ಳಕೂಡದು ಎಂದು ಅಪ್ಪಣೆ ಮಾಡುತ್ತಾನೆ, ಅವಳು ನಿಲ್ಲಿಸುತ್ತಾಳೆ. ಕಚೇರಿಯ ಹೊರಗೆ ಕಾರಿನಲ್ಲಿ ಕಾಯುವ ಅಮ್ಮನ ಜೊತೆ ಹೋಗಬೇಡ, ಒಬ್ಬಳೇ ನಡೆದುಕೊಂಡು ಮನೆಗೆ ಹೋಗು ಎನ್ನುತ್ತಾನೆ. ಅವಳು ನಡೆಯುತ್ತಾಳೆ. ಮನೆಯವರ ಪ್ರೀತಿಯಿಂದಾಗಲಿ ಆಸ್ಪತ್ರೆಯಿಂದಾಗಲಿ ಆಗದ್ದು ಒಬ್ಬ ವಿಚಿತ್ರ ಮನುಷ್ಯನ ಅಪ್ಪಣೆಯಿಂದ ಆಯಿತು. ಯಾಕೆ? ಅವಳ ಒಂದೊಂದು ಅಕ್ಷರವನ್ನೂ ಕಣ್ಣಿಟ್ಟು ನೋಡಿದವನು ಅವನೊಬ್ಬನೇ. ಮನೆಯವರು ಅವಳ ಕಾಯಿಲೆಯನ್ನು ನೋಡುತ್ತಿದ್ದರು, ಇವನು ಅವಳನ್ನು ನೋಡಿದ. ಇಷ್ಟರಮಟ್ಟಿಗೆ ಇದು ನಿಜವಾದ ಪ್ರೇಮಕಥೆ. ಒಪ್ಪದವರು ಚಿತ್ರವನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅನಿಸಿಕೆ.

ಬಯಕೆ ಒಬ್ಬನದೇ ಅಲ್ಲ ಎನ್ನುವುದಕ್ಕೂ ಚಿತ್ರ ಸಾಕ್ಷಿ ಒದಗಿಸುತ್ತದೆ. ಗ್ರೇ ತನ್ನ ಬಗ್ಗೆ ತಾನೇ ನಾಚಿ ದೂರ ಸರಿದಾಗ ಲೀ ಬೇಕೆಂದೇ ತಪ್ಪು ಟೈಪ್ ಮಾಡುತ್ತಾಳೆ. ಅದೂ ನಾಟದಿದ್ದಾಗ ಲಕೋಟೆಯಲ್ಲಿ ಒಂದು ಎರೆಹುಳು ಇಟ್ಟು ಅವನಿಗೆ ಕಳಿಸುತ್ತಾಳೆ. ಅವನು ಕೆಂಪು ಪೆನ್ನು ಎತ್ತಿಕೊಂಡು ಹುಳದ ಸುತ್ತ ಒಂದು ಸುತ್ತು ಹಾಕುತ್ತಾನೆ. ನನ್ನ ಮಟ್ಟಿಗೆ ಚಿತ್ರದ ಅತಿ ಸುಂದರ ಪ್ರೇಮಪತ್ರ ಅದು.

ಕಡೆಗೆ ಗ್ರೇ ಅವಳನ್ನು ಕೆಲಸದಿಂದ ತೆಗೆಯುತ್ತಾನೆ. ಪೀಟರ್ ಎಂಬ ಸಾಧು ಹುಡುಗನ ಜೊತೆ ಅವಳ ಮದುವೆ ಗೊತ್ತಾಗುತ್ತದೆ. ಲೀ ಮದುವೆಯ ಉಡುಪಿನಲ್ಲೇ ಗ್ರೇಯ ಕಚೇರಿಗೆ ಓಡಿ ಬರುತ್ತಾಳೆ. ಎರಡೂ ಕೈ ಮೇಜಿನ ಮೇಲಿಟ್ಟು ನಾನು ಬರುವತನಕ ಅಲುಗಾಡದೆ ಕೂತಿರು ಎಂದು ಹೇಳಿ ಅವನು ಹೋಗಿಬಿಡುತ್ತಾನೆ. ಅವಳು ಅನ್ನ ನೀರಿಲ್ಲದೆ ಕೂರುತ್ತಾಳೆ. ಮನೆಯವರು, ಪಾದ್ರಿ, ಸ್ತ್ರೀವಾದದ ಪಾಠ ಹೇಳುವ ಒಬ್ಬಾಕೆ, ಪತ್ರಿಕೆಯವರು ಎಲ್ಲರೂ ಬಂದು ಹೋಗುತ್ತಾರೆ. ನಮ್ಮಲ್ಲಿ ಬೇಡಿಕೆ ಈಡೇರುವತನಕ ತಾಲ್ಲೂಕು ಕಚೇರಿ ಮುಂದೆ ಉಪವಾಸ ಕೂರುವವರಿಲ್ಲವೇ, ಇದೂ ಹಾಗೆಯೇ. ಮಣಿಯುವವರು ಯಾರೆಂದು ಮೊದಲ ದಿನವೇ ಗೊತ್ತಾಗುತ್ತದೆ. ಅವಳು ಅಲುಗುವುದಿಲ್ಲ, ಅವನು ಬರಲೇಬೇಕಾಗುತ್ತದೆ.

ಶರಣಾಗತಿಯೇ ಬಲವಾಗುವ ಈ ಕಲ್ಪನೆ ನಮಗೆ ಹೊಸದಲ್ಲ. ಶರಣಸತಿ ಲಿಂಗಪತಿ ಭಾವವನ್ನು ಕೇಳುತ್ತ ಬೆಳೆದವರು ನಾವು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ದೇವರು ಯಾರಿಗೂ ತಿಂಗಳ ಸಂಬಳ ಕೊಡುವುದಿಲ್ಲ, ಗ್ರೇ ಕೊಡುತ್ತಾನೆ.

ನನ್ನ ತಕರಾರು ಶುರುವಾಗುವುದು ಆ ಸಂಬಳದಿಂದ. ಮೊದಲ ಸಲ ಹೊಡೆದಾಗ ಗ್ರೇ ಅವಳನ್ನು ಕೇಳಲಿಲ್ಲ. ಅವಳಿಗೆ ಅದು ಬೇಕಿತ್ತು ಎಂದು ಆಮೇಲೆ ತಿಳಿಯಿತು, ಸರಿ. ತಿಳಿಯುವ ಮೊದಲು ಅವನು ಆಡಿದ್ದು ಜೂಜು, ಪಣಕ್ಕಿಟ್ಟದ್ದು ಅವಳ ಕೆಲಸ. ಬೋರ್ಡಿನ ದೀಪ ಅಷ್ಟು ಸಲ ಹೊತ್ತಿದೆಯೆಂದರೆ ಆ ಜೂಜಿನಲ್ಲಿ ಸೋತವರು ಎಷ್ಟು ಜನ?

ಇದು ಸಿನಿಮಾದ ಮಾತಷ್ಟೇ ಅಲ್ಲ. 1974ರಲ್ಲಿ ವಾಷಿಂಗ್ಟನ್ನಿನ ಒಂದು ಬ್ಯಾಂಕಿಗೆ ಮಿಶೆಲ್ ವಿನ್ಸನ್ ಎಂಬ ಯುವತಿ ಸೇರಿದಳು. ಮೇಲಧಿಕಾರಿಯ ಒತ್ತಾಯಕ್ಕೆ ಕೆಲಸ ಹೋಗುವ ಭಯದಿಂದ ಒಳಗಾದೆ ಎಂದು ಆಕೆ ನ್ಯಾಯಾಲಯಕ್ಕೆ ಹೋದಳು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ತಲುಪಿತು. 1986ರಲ್ಲಿ ಕೋರ್ಟ್ ಹೇಳಿದ ಮಾತು ಮುಖ್ಯವಾದದ್ದು: ಅವಳು ತಾನಾಗಿ ಪಾಲ್ಗೊಂಡಳೇ ಎಂಬುದಲ್ಲ, ಆ ವರ್ತನೆ ಅವಳಿಗೆ ಬೇಡವಾಗಿತ್ತೇ ಎಂಬುದೇ ಪ್ರಶ್ನೆ. ಸಂಬಳಕ್ಕೆ ಕೈಯೊಡ್ಡಿದವರು ಬಾಯಲ್ಲಿ ಹೂಂ ಎನ್ನುವುದಕ್ಕೂ ಮನಸ್ಸಿನಲ್ಲಿ ಹೂಂ ಎನ್ನುವುದಕ್ಕೂ ಇರುವ ಅಂತರವನ್ನು ಕಾನೂನು ಹೀಗೆ ಗುರುತಿಸಿತು. ಇನ್ನೊಂದು ಸಂಗತಿ ನೋಡಿ. ವಿನ್ಸನ್ ಬಳಸಿದ ಫೆಡರಲ್ ಕಾನೂನು 15 ಅಥವಾ ಹೆಚ್ಚು ನೌಕರರಿರುವ ಕಡೆಗೆ ಮಾತ್ರ ಅನ್ವಯಿಸುತ್ತದೆ. ಗ್ರೇಯ ಕಚೇರಿಯಲ್ಲಿರುವವರನ್ನು ಬೆರಳಲ್ಲೇ ಎಣಿಸಬಹುದು. ಅಲ್ಲಿ ಅವನೇ ಯಜಮಾನ, ಅವನೇ ಕಾನೂನು ಬಲ್ಲವನು.

ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ತೀರ್ಪು ಕೊಟ್ಟಿತು, 2013ರಲ್ಲಿ ಕಾಯ್ದೆ ಬಂತು. 10 ಅಥವಾ ಹೆಚ್ಚು ನೌಕರರಿದ್ದಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು, ಸಾಮಾನ್ಯವಾಗಿ ಮೂರು ತಿಂಗಳೊಳಗೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದರ ಬಗ್ಗೆ ತರಬೇತಿ ನಡೆಯುತ್ತದೆ. ಒಬ್ಬ ವಕೀಲರು, ಒಬ್ಬ ಗುಮಾಸ್ತ, ಒಬ್ಬಳು ಟೈಪಿಸ್ಟ್ ಇರುವ ನಮ್ಮ ಊರುಗಳ ಕಚೇರಿಗಳಲ್ಲಿ ಈ ಮಾತನ್ನು ಎತ್ತುವವರು ಯಾರು?

ಚಿತ್ರಕ್ಕೆ ಮೂಲವಾದ ಕಥೆಗೆ ಸಂಬಳದ ಈ ತೊಡಕು ಗೊತ್ತಿತ್ತು. ಮೇರಿ ಗೇಟ್‌ಸ್ಕಿಲ್ ಅವರ ‘ಸೆಕ್ರೆಟರಿ’ 1988ರ ‘ಬ್ಯಾಡ್ ಬಿಹೇವಿಯರ್’ ಸಂಕಲನದಲ್ಲಿದೆ. ಅಲ್ಲಿಯೂ ವಕೀಲ, ಟೈಪಿಂಗ್ ತಪ್ಪು, ಹೊಡೆತ. ಆ ಹುಡುಗಿಯ ಒಳಗೂ ಅವಮಾನದ ಜೊತೆ ಆಸೆ ಬೆರೆತಿದೆ. ಗೇಟ್‌ಸ್ಕಿಲ್ ಅವಳನ್ನು ಬರೀ ಬಲಿಪಶು ಮಾಡುವುದಿಲ್ಲ. ಆದರೆ ಅಲ್ಲಿ ಮದುವೆಯಿಲ್ಲ, ಮೇಜಿನ ಮುಂದಿನ ತಪಸ್ಸಿಲ್ಲ. ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಮೇಲೆ ವಕೀಲನಿಂದ ಒಂದು ಕ್ಷಮಾಪಣೆ ಪತ್ರ ಬರುತ್ತದೆ. ಇದನ್ನು ಯಾರಿಗೂ ಹೇಳಬೇಡ ಎಂಬ ಕೋರಿಕೆ ಅದರಲ್ಲಿದೆ. ಪತ್ರದ ಜೊತೆ ಒಂದು ಚೆಕ್ಕು. ಮುಂದೆ ಆ ವಕೀಲ ಮೇಯರ್ ಚುನಾವಣೆಗೆ ನಿಂತಾಗ ಪತ್ರಕರ್ತನೊಬ್ಬ ಇವಳಿಗೆ ಫೋನ್ ಮಾಡುತ್ತಾನೆ. ಇವಳು ಬಾಯಿ ಬಿಡುವುದಿಲ್ಲ. ಗೇಟ್‌ಸ್ಕಿಲ್ ಇಲ್ಲಿಗೂ ಬಿಡಲಿಲ್ಲ. 2023ರಲ್ಲಿ ‘ದಿ ನ್ಯೂಯಾರ್ಕರ್’ನಲ್ಲಿ ‘ಮೈನಾರಿಟಿ ರಿಪೋರ್ಟ್’ ಎಂಬ ಕಥೆ ಬರೆದು, ವಯಸ್ಸಾದ ಹೆಂಗಸಾಗಿ ಅವಳನ್ನು ಮತ್ತೆ ಕರೆತಂದರು. ಹಳೆಯದು ಅವಳ ಒಳಗೆ ಮುಗಿದೇ ಇರಲಿಲ್ಲ.

ಶೈನ್‌ಬರ್ಗ್ ಚಿತ್ರ ಚೆಕ್ಕನ್ನು ಬಿಟ್ಟು ಚುಂಬನವನ್ನು ತಂದಿತು. ಅದರಿಂದ ಲೀಗೆ ಘನತೆ ಬಂತು, ಅದು ಸಣ್ಣ ಲಾಭವಲ್ಲ. ವಿಲಕ್ಷಣವಾದ ಬಯಕೆಯುಳ್ಳವರನ್ನು ರೋಗಿಗಳೆಂದೋ ರಾಕ್ಷಸರೆಂದೋ ತೋರಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದು ಅವರನ್ನು ಮನುಷ್ಯರಾಗಿ ನೋಡಿತು. ಆದರೆ ಹಣ ಕೈ ಬದಲಾಯಿಸುವ ಜಾಗದಲ್ಲಿ ನಡೆದದ್ದನ್ನು, ಹಣವೇ ಇಲ್ಲವೇನೋ ಎಂಬಂತೆ ಮುಗಿಸಿತು.

2024ರ ‘ಬೇಬಿಗರ್ಲ್’ ಈ ಚೌಕಟ್ಟನ್ನು ತಲೆಕೆಳಗು ಮಾಡಲು ನೋಡಿತು. ನಿರ್ದೇಶಕಿ ಹಲೀನಾ ರೈನ್. ಇಲ್ಲಿ ಕಂಪನಿಯ ಮುಖ್ಯಸ್ಥೆ ಹೆಂಗಸು, ಅಪ್ಪಣೆ ಕೊಡುವವನು ಇಂಟರ್ನ್ ಹುಡುಗ. ನಿಕೋಲ್ ಕಿಡ್‌ಮನ್‌ಗೆ ವೆನಿಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಹುದ್ದೆಯ ಅಧಿಕಾರ ಒಬ್ಬರ ಕೈಯಲ್ಲಿ, ಹಾಸಿಗೆಯ ಅಧಿಕಾರ ಇನ್ನೊಬ್ಬರ ಕೈಯಲ್ಲಿ ಎಂಬ ಯೋಚನೆ ಜಾಣತನದ್ದು. ಅದೂ ಕಡೆಗೆ ಅವಳನ್ನು ಗಂಡನ ಮಗ್ಗುಲಿಗೇ ತಂದು ಮಲಗಿಸಿತು. 

‘ಸೆಕ್ರೆಟರಿ’ಯ ಕಡೆಯ ಭಾಗ ‘ಬೇಬಿಗರ್ಲ್’ಗಿಂತ ಸಂಪ್ರದಾಯಸ್ಥ. ಲೀ ಮತ್ತು ಗ್ರೇ ಮದುವೆಯಾಗುತ್ತಾರೆ. ಅಂದವಾಗಿ ಹಾಸಿದ ಹಾಸಿಗೆಯ ಮೇಲೆ ಅವಳು ಬೇಕೆಂದೇ ಒಂದು ಜಿರಲೆಯನ್ನು ಹಾಕುತ್ತಾಳೆ, ಆಟ ಮುಂದುವರಿದಿದೆ. ಗಂಡ ಕಾರು ಹತ್ತಿ ಕಚೇರಿಗೆ ಹೊರಡುತ್ತಾನೆ, ಹೆಂಡತಿ ಬಾಗಿಲಲ್ಲಿ ನಿಂತು ಬೀಳ್ಕೊಡುತ್ತಾಳೆ. ಎಪ್ಪತ್ತರ ದಶಕದ ಯಾವ ಸಾಂಸಾರಿಕ ಚಿತ್ರವೂ ಇಷ್ಟು ಅಚ್ಚುಕಟ್ಟಾಗಿ ಟೈಪಿಸ್ಟ್ ನಾಯಕಿಯನ್ನು ಗೃಹಿಣಿಯನ್ನಾಗಿ ಮಾಡಿರಲಾರದು. ಅವಳು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಯಾರಿದ್ದಾರೆ, ಆಕೆ ತಪ್ಪು ಟೈಪ್ ಮಾಡಿದರೆ ಏನಾಗುತ್ತದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಪ್ರೇಮಚಿತ್ರವಾಗಿ ಇದಕ್ಕೆ ನನ್ನ ಪೂರ್ಣ ಮೆಚ್ಚುಗೆ ಇದೆ. ಕಚೇರಿಯ ಚಿತ್ರವಾಗಿ ಇದು ಅರ್ಧ ಸತ್ಯ.

ವಯಸ್ಕರು ಧಾರಾಳವಾಗಿ ನೋಡಿ, ಕಥೆಯನ್ನು ಮೊದಲು ಓದಿ. ಇನ್ನೊಂದು ಕೋರಿಕೆ. ಈ ಸಭೆಯಲ್ಲಿ ವಕೀಲರಿದ್ದೀರಿ, ಕ್ಲಿನಿಕ್ ಇಟ್ಟವರಿದ್ದೀರಿ, ಅಂಗಡಿ ನಡೆಸುವವರಿದ್ದೀರಿ. ನಿಮ್ಮ ಜಿಲ್ಲೆಯ ಸ್ಥಳೀಯ ಸಮಿತಿಯ ವಿಳಾಸ ಮತ್ತು ಫೋನ್ ನಂಬರನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಸಿ, ನಿಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಇನ್ನು ನಿಮ್ಮ ಪ್ರಶ್ನೆಗಳು.