ಅಭ್ಯರ್ಥಿ ಮೊದಲು, ಸಿದ್ಧಾಂತ ಆಮೇಲೆ
(ಪುಣೆಯ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಉಪನ್ಯಾಸಕ್ಕೆ ಸಂಘದವರು ಸೂಚಿಸಿದ ವಿಷಯ ‘ಪಕ್ಷ ಮತ್ತು ಸಿದ್ಧಾಂತ’. ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಾನು ಯಾವ ಪಕ್ಷದ ಪರವಾಗಿಯೂ ಮಾತನಾಡುವಂತಿಲ್ಲ. ಆ ಅಪೇಕ್ಷೆಯೂ ನನಗಿಲ್ಲ. ಆದರೆ ಇತಿಹಾಸವನ್ನು ಓದುವುದಕ್ಕೆ ಯಾವ ಸೇವಾನಿಯಮವೂ ಅಡ್ಡ ಬರುವುದಿಲ್ಲ. ಆದ್ದರಿಂದ ಒಂದು ಕಲ್ಪನೆಯನ್ನು ತಮ್ಮ ಮುಂದಿಟ್ಟು, ಅದನ್ನು ನಡೆದುಹೋದ ಸಂಗತಿಯ ಒರೆಗಲ್ಲಿಗೆ ತಿಕ್ಕಿ ನೋಡಬೇಕೆಂದಿದ್ದೇನೆ.

ಕಲ್ಪನೆ ಇಷ್ಟೇ. ಪಕ್ಷಗಳ ಹೆಸರು, ಬಾವುಟ, ಚಿಹ್ನೆಗಳು ಇದ್ದಂತೆಯೇ ಇವೆ. ಅವುಗಳ ಸಿದ್ಧಾಂತಗಳು ಮಾತ್ರ ಪರಸ್ಪರ ಅದಲುಬದಲಾಗಿವೆ. ಅಂಥ ಲೋಕದಲ್ಲಿ ದೇಶದ ಅತ್ಯುನ್ನತ ಪದವಿಗೆ ಯಾವ ಪಕ್ಷ ಯಾರನ್ನು ಅಭ್ಯರ್ಥಿಯನ್ನಾಗಿ ಆರಿಸೀತು?

ಅಮೆರಿಕದವರಿಗೆ ಇದು ಬರಿಯ ಕಲ್ಪನೆಯಲ್ಲ. ೧೮೫೪ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿದ ಪಕ್ಷ, ಲಿಂಕನ್ನರ ಪಕ್ಷ. ದಕ್ಷಿಣದ ಬಿಳಿಯ ಜಮೀನುದಾರರ ಆಶ್ರಯವಾಗಿದ್ದುದು ಡೆಮಾಕ್ರಟಿಕ್ ಪಕ್ಷ. ಒಂದು ಶತಮಾನ ಕಳೆದು ೧೯೬೪ಕ್ಕೆ ಬರುವ ಹೊತ್ತಿಗೆ ಕಪ್ಪು ಜನರ ನಾಗರಿಕ ಹಕ್ಕುಗಳ ಶಾಸನಕ್ಕೆ ಸಹಿ ಹಾಕಿದವರು ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್. ಅದಕ್ಕೆ ವಿರುದ್ಧವಾಗಿ ಮತ ಹಾಕಿದ ಗೋಲ್ಡ್‌ವಾಟರರೇ ಆ ವರ್ಷದ ರಿಪಬ್ಲಿಕನ್ ಅಭ್ಯರ್ಥಿ. ಹೆಸರುಗಳು ಹಾಗೆಯೇ ಉಳಿದವು, ಒಳಗಿನ ಮಾತು ತಿರುವುಮುರುವಾಯಿತು. ಆದರೆ ಅಲ್ಲಿ ಈ ಬದಲಾವಣೆಗೆ ದಶಕಗಳೇ ಹಿಡಿದವು. ಅಷ್ಟೇ ಅಲ್ಲ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಗಳಲ್ಲಿ, ಮುಖ್ಯವಾಗಿ ೧೯೭೨ರಿಂದೀಚೆಗೆ, ಸಾಮಾನ್ಯ ಮತದಾರನೂ ಭಾಗಿಯಾಗುತ್ತಾನೆ. ಪಕ್ಷ ಯಾವ ಕಡೆಗೆ ತಿರುಗುತ್ತಿದೆ ಎಂಬುದು ಅವನ ಕಣ್ಣೆದುರಿಗೇ ನಡೆಯುತ್ತದೆ.

ನಮ್ಮ ದೇಶದಲ್ಲಿಯೂ ಅಧ್ಯಕ್ಷ ಪದವಿಯ ಅಭ್ಯರ್ಥಿಗಾಗಿ ಪಕ್ಷ ಒಡೆದ ಪ್ರಸಂಗಕ್ಕೆ ನಾವು ಬಾಳುತ್ತಿರುವ ಈ ಊರಿನದೇ ನಂಟಿದೆ. ೧೯೦೭ರ ಡಿಸೆಂಬರಿನಲ್ಲಿ ಸೂರತ್ತಿನ ಕಾಂಗ್ರೆಸ್ ಅಧಿವೇಶನ ಮುರಿದುಬಿದ್ದದ್ದು ರಾಸಬಿಹಾರಿ ಘೋಷರು ಅಧ್ಯಕ್ಷರಾಗಬೇಕೋ, ಲಾಲಾ ಲಜಪತರಾಯರು ಅಧ್ಯಕ್ಷರಾಗಬೇಕೋ ಎಂಬ ವಿವಾದದ ಸುತ್ತ. ಆ ಎರಡು ಪಂಗಡಗಳ ಮುಂದಾಳುಗಳಾದ ಟಿಳಕರು, ಗೋಖಲೆಯವರು ಇಬ್ಬರೂ ಪುಣೆಯವರು. ಒಬ್ಬರು ತೀವ್ರಗಾಮಿ, ಇನ್ನೊಬ್ಬರು ಮಂದಗಾಮಿ ಎಂದು ಶಾಲೆಯಲ್ಲಿ ಉರುಹೊಡೆದಿದ್ದೇವೆ. ಆದರೆ ೧೮೯೧ರ ವಿವಾಹ ಸಮ್ಮತಿ ವಯಸ್ಸಿನ ಮಸೂದೆಯನ್ನು ವಿರೋಧಿಸಿದವರು ತೀವ್ರಗಾಮಿ ಟಿಳಕರು. ೧೯೧೧ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದವರು ಮಂದಗಾಮಿ ಗೋಖಲೆಯವರು. ಸ್ವರಾಜ್ಯದ ಪ್ರಶ್ನೆಯನ್ನು ಬದಿಗಿಟ್ಟು ಸಮಾಜ ಸುಧಾರಣೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಹಣೆಪಟ್ಟಿಗಳು ತಾವಾಗಿಯೇ ಸ್ಥಾನ ಬದಲಾಯಿಸುತ್ತವೆ.

ಈ ಎಚ್ಚರವನ್ನು ಇಟ್ಟುಕೊಂಡು ನಮ್ಮದೇ ನಾಡಿನ ಘಟನೆಗೆ ಬರೋಣ. ೧೯೬೯ರ ಮೇ ೩ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಮುಂದಿನ ರಾಷ್ಟ್ರಪತಿ ಯಾರಾಗಬೇಕು ಎಂಬುದನ್ನು ಕಾಂಗ್ರೆಸ್ ತೀರ್ಮಾನಿಸಿದ್ದು ಬೆಂಗಳೂರಿನಲ್ಲಿ, ಆ ಜುಲೈ ತಿಂಗಳಿನಲ್ಲಿ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು, ಕರ್ನಾಟಕದ ಏಕೀಕರಣಕ್ಕಾಗಿ ದುಡಿದು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾಗಿದ್ದವರು.

ಅಲ್ಲಿ ಎರಡು ಕಾರ್ಯಗಳು ನಡೆದವು. ಒಂದು ಆರ್ಥಿಕ ನೀತಿಯ ಚರ್ಚೆ. ಪ್ರಧಾನಿ ಇಂದಿರಾ ಗಾಂಧಿಯವರು ಒಂದು ಟಿಪ್ಪಣಿಯನ್ನು ಕಳುಹಿಸಿದ್ದರು. ಐದಾರು ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವನ್ನು ಪರಿಶೀಲಿಸಬಹುದು, ಇಲ್ಲವೇ ಬ್ಯಾಂಕುಗಳ ಹಣ ಹೆಚ್ಚಾಗಿ ಸಾರ್ವಜನಿಕ ಉದ್ದೇಶಗಳಿಗೆ ಒದಗುವಂತೆ ನಿರ್ದೇಶಿಸಬಹುದು ಎಂದು ಅದರಲ್ಲಿತ್ತು. ಆ ಟಿಪ್ಪಣಿಗೆ ಅಧಿವೇಶನ ಒಪ್ಪಿಗೆ ಕೊಟ್ಟಿತು. ಅಂದರೆ ಕಾಗದದ ಮೇಲೆ ಸಿದ್ಧಾಂತದ ಜಗಳವೇ ಉಳಿಯಲಿಲ್ಲ.

ಇನ್ನೊಂದು ಅಭ್ಯರ್ಥಿಯ ಆಯ್ಕೆ. ಜುಲೈ ೧೨ರಂದು ಸಂಸದೀಯ ಮಂಡಳಿಯಲ್ಲಿ ನೀಲಂ ಸಂಜೀವರೆಡ್ಡಿಯವರಿಗೆ ನಾಲ್ಕು ಮತಗಳೂ ಪ್ರಧಾನಿಯವರು ಸೂಚಿಸಿದ ಜಗಜೀವನರಾಮರಿಗೆ ಎರಡು ಮತಗಳೂ ಬಂದವು. ಮಹಾರಾಷ್ಟ್ರದ ಯಶವಂತರಾವ್ ಚವಾಣರೂ ರೆಡ್ಡಿಯವರ ಪರವಾಗಿದ್ದರು. ಅಮೆರಿಕದಲ್ಲಿ ಲಕ್ಷಾಂತರ ಜನ ಮಾಡುವ ಕೆಲಸವನ್ನು ಇಲ್ಲಿ ಒಂದು ಕೋಣೆಯೊಳಗೆ ಆರು ಮತಗಳು ಮುಗಿಸಿದವು.

ಮುಂದಿನ ದಿನಗಳನ್ನು ಎಣಿಸಿ ನೋಡಿ. ಜುಲೈ ೧೬ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ಅವರು ಸಂಪುಟವನ್ನೇ ತೊರೆದರು. ಜುಲೈ ೧೯ರಂದು ಸುಗ್ರೀವಾಜ್ಞೆಯ ಮೂಲಕ ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಇದೇ ಪುಣೆಯ ಬ್ಯಾಂಕ್ ಆಫ್ ಮಹಾರಾಷ್ಟ್ರ ಮೂರೂ ಸೇರಿದ್ದವು. ವಾರದ ಹಿಂದೆ ‘ಐದಾರು’ ಎಂದೂ ‘ಇಲ್ಲವೇ’ ಎಂದೂ ಇದ್ದ ಮಾತು ಅಭ್ಯರ್ಥಿಯ ವಿಷಯದಲ್ಲಿ ಸೋಲಾದ ಏಳನೆಯ ದಿನಕ್ಕೆ ಹದಿನಾಲ್ಕಾಗಿ ನಿಂತಿತು. ಪ್ರಧಾನಿಯವರ ಪಕ್ಕ ‘ಪ್ರಗತಿಪರ’ವಾಯಿತು, ನಿಜಲಿಂಗಪ್ಪ, ಕಾಮರಾಜ, ಮೊರಾರ್ಜಿಯವರ ಪಕ್ಕ ‘ಪ್ರತಿಗಾಮಿ’ ಎನಿಸಿಕೊಂಡಿತು. ಫರೀದಾಬಾದಿನ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಸರ್ಕಾರಿ ಉದ್ದಿಮೆಗಳನ್ನು ಟೀಕಿಸಿದ್ದು ನಿಜ. ಭಿನ್ನಾಭಿಪ್ರಾಯವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆ ಭಿನ್ನಾಭಿಪ್ರಾಯ ಎರಡು ಪಕ್ಷಗಳಾಗಿ ಒಡೆದದ್ದು ಅಭ್ಯರ್ಥಿಯ ಕಾರಣದಿಂದ ಎನ್ನುತ್ತಿದ್ದೇನೆ.

ಈಗ ನಮ್ಮ ಕಲ್ಪನೆಯ ಪರೀಕ್ಷೆ. ಆ ಚುನಾವಣೆಯ ಮೂವರು ಮುಖ್ಯ ಅಭ್ಯರ್ಥಿಗಳ ಹೆಸರನ್ನು ಮುಚ್ಚಿ, ಅವರು ಮಾಡಿದ ಕೆಲಸವನ್ನಷ್ಟೇ ಓದುತ್ತೇನೆ. ಮೊದಲನೆಯವರು ಕಾರ್ಮಿಕ ನಾಯಕರು; ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ಮಾರ್ಪಡಿಸಿತೆಂದು ೧೯೫೪ರಲ್ಲಿ ಕೇಂದ್ರ ಸಚಿವ ಪದವಿಯನ್ನೇ ಬಿಟ್ಟವರು. ಎರಡನೆಯವರು ಮುಖ್ಯಮಂತ್ರಿಯಾಗಿದ್ದಾಗ ಖಾಸಗಿ ಬಸ್ ಮಾರ್ಗಗಳನ್ನು ರಾಷ್ಟ್ರೀಕರಿಸಲು ಹೊರಟು, ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಪ್ರತಿಕೂಲವಾದಾಗ ೧೯೬೪ರಲ್ಲಿ ರಾಜೀನಾಮೆ ಕೊಟ್ಟವರು. ಮೂರನೆಯವರು ಕೇಂದ್ರದ ಹಣಕಾಸು ಸಚಿವರಾಗಿ ೧೯೫೬ರಲ್ಲಿ ಜೀವವಿಮೆಯ ರಾಷ್ಟ್ರೀಕರಣವನ್ನು ಸಾರಿದವರು.

ಇವರಲ್ಲಿ ಎಡಪಂಥದ ಅಭ್ಯರ್ಥಿ ಯಾರು, ಬಲಪಂಥದ ಅಭ್ಯರ್ಥಿ ಯಾರು? ಹೊಸಬನೊಬ್ಬನನ್ನು ಕೇಳಿದರೆ ಮೂವರೂ ಎಡಪಂಥದವರೇ ಎಂದಾನು. ಹೆಸರಿನ ಮರೆಯನ್ನು ತೆಗೆಯೋಣ. ಮೊದಲನೆಯವರು ವಿ.ವಿ. ಗಿರಿ. ಪ್ರಧಾನಿಯವರ ಒಲವು ಪಡೆದು ಸ್ವತಂತ್ರರಾಗಿ ನಿಂತವರು. ೧೯೬೫ರಿಂದ ೧೯೬೭ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದಾಗ ಅವರೊಡನೆ ಮುಖ್ಯಮಂತ್ರಿಯಾಗಿದ್ದವರು ಇದೇ ನಿಜಲಿಂಗಪ್ಪನವರು. ಎರಡನೆಯವರು ‘ಪ್ರತಿಗಾಮಿ’ಗಳ ಅಭ್ಯರ್ಥಿ ಎನಿಸಿಕೊಂಡ ಸಂಜೀವರೆಡ್ಡಿ. ಮೂರನೆಯವರು ಸಿ.ಡಿ. ದೇಶಮುಖ. ಮುಂಬಯಿಯ ಪ್ರಶ್ನೆಯಲ್ಲಿ ನೆಹರೂ ಸಂಪುಟವನ್ನು ಬಿಟ್ಟವರೆಂದು ನಮ್ಮ ಮರಾಠಿ ನೆರೆಹೊರೆಯವರು ಈಗಲೂ ನೆನೆಯುವ ಅವರು, ರಾಷ್ಟ್ರೀಕರಣವನ್ನು ಕಟುವಾಗಿ ವಿರೋಧಿಸುತ್ತಿದ್ದ ಸ್ವತಂತ್ರ ಪಕ್ಷದ ಹಾಗೂ ಜನಸಂಘದ ಅಭ್ಯರ್ಥಿ! ತಿರುವುಮುರುವಾದ ಲೋಕವನ್ನು ಕಲ್ಪಿಸಿಕೊಳ್ಳುವ ಶ್ರಮವೇ ನಮಗಿಲ್ಲ. ೧೯೬೯ರಲ್ಲಿ ನಾವು ಅದರಲ್ಲಿಯೇ ಇದ್ದೆವು.

ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯವರೇ ಆಮೇಲೆ ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು. ಅತ್ತ ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಸ್ವತಂತ್ರ ಪಕ್ಷ, ಜನಸಂಘಗಳ ನಾಯಕರೊಡನೆ ಮಾತುಕತೆ ನಡೆಸಿದರು. ಎರಡು ಕಡೆಯವರೂ ತಮ್ಮ ಸಾಂಪ್ರದಾಯಿಕ ಎದುರಾಳಿಗಳ ಬೆಂಬಲವನ್ನು ಅರಸಿದರೆಂಬುದನ್ನು ಗಮನಿಸಬೇಕು. ಆಗಸ್ಟ್ ೧೬ರಂದು ಮತದಾನವಾಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಮತಮೌಲ್ಯ. ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಹಂಚಿದಾಗ ಗಿರಿಯವರು ೪,೨೦,೦೭೭ಕ್ಕೂ ರೆಡ್ಡಿಯವರು ೪,೦೫,೪೨೭ಕ್ಕೂ ಬಂದು ನಿಂತರು. ಅಂತರ ೧೪,೬೫೦. ನವೆಂಬರ್ ೧೨ರಂದು ಪ್ರಧಾನಿಯವರ ಉಚ್ಚಾಟನೆಯಾಯಿತು. ಕಾಂಗ್ರೆಸ್ ಎರಡು ಹೋಳಾಯಿತು. ೧೯೭೧ರ ಚುನಾವಣೆಗೆ ಹೊರಟಾಗ ಹಳೆಯ ಜೋಡೆತ್ತು ಎರಡು ಪಕ್ಕಗಳಿಗೂ ದಕ್ಕಲಿಲ್ಲ. ಒಬ್ಬರಿಗೆ ಹಸು-ಕರು, ಇನ್ನೊಬ್ಬರಿಗೆ ಚರಕ ನೂಲುವ ಹೆಂಗಸು.

ಇದರ ಫಲವನ್ನು ಅತ್ಯಂತ ತೀವ್ರವಾಗಿ ಉಂಡದ್ದು ನಮ್ಮ ರಾಜ್ಯ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಸಂಪುಟದಲ್ಲಿದ್ದ ರಾಮಕೃಷ್ಣ ಹೆಗಡೆಯವರೂ ನಿಜಲಿಂಗಪ್ಪನವರೊಡನೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು; ದೇವರಾಜ ಅರಸರು ಇಂದಿರಾ ಪಕ್ಷವನ್ನು ಹಿಡಿದರು. ೧೯೭೧ರಲ್ಲಿ ರಾಜ್ಯದ ೨೭ ಲೋಕಸಭಾ ಸ್ಥಾನಗಳೂ ಇಂದಿರಾ ಪಕ್ಷಕ್ಕೆ ಹೋದವು. ಅದೇ ಮಾರ್ಚಿಯಲ್ಲಿ ಪಾಟೀಲರ ಸರ್ಕಾರ ಉರುಳಿತು. ೧೯೭೨ರಲ್ಲಿ ಅರಸರು ಮುಖ್ಯಮಂತ್ರಿಗಳಾದರು.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ‘ಮೂಲ ಹೇಗಾದರೂ ಇರಲಿ, ಫಲ ಒಳ್ಳೆಯದಾಯಿತಲ್ಲ? ಆ ಒಡಕಿಲ್ಲದಿದ್ದರೆ ಅರಸರು ಬರುತ್ತಿದ್ದರೇ? ಹಾವನೂರು ಆಯೋಗ, ೧೯೭೪ರ ಭೂಸುಧಾರಣೆ, ಕರಾವಳಿಯ ಗೇಣಿದಾರನಿಗೆ ಸಿಕ್ಕ ಭೂಮಿ, ಇವೆಲ್ಲ ಆಗುತ್ತಿದ್ದವೇ?’ ಬಹುಶಃ ಆಗುತ್ತಿರಲಿಲ್ಲ, ಅಥವಾ ಬಹಳ ತಡವಾಗಿ ಆಗುತ್ತಿದ್ದವು. ಈ ಉಪಕಾರವನ್ನು ಕಡೆಗಣಿಸುವವನು ಕೃತಘ್ನ. ಆದರೆ ಆ ಕೀರ್ತಿಯನ್ನು ಪಕ್ಷದ ಸಿದ್ಧಾಂತಕ್ಕೆ ಸಲ್ಲಿಸುವ ಮುನ್ನ ಮುಂದಿನ ಕಥೆಯನ್ನೂ ನೋಡಬೇಕು.

೧೯೭೮ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತು ಸೋತವರು ವೀರೇಂದ್ರ ಪಾಟೀಲರು. ಅಂದು ಇಂದಿರಾ ಅವರ ಪಕ್ಕದಲ್ಲಿ ಬೆನ್ನೆಲುಬಾಗಿ ನಿಂತವರು ಅರಸರು. ಮರುವರ್ಷವೇ ಅರಸರು ಇಂದಿರಾ ಪಕ್ಷದಿಂದ ಹೊರಗಾದರು. ೧೯೮೦ರ ಹೊತ್ತಿಗೆ ಪಾಟೀಲರು ಅದೇ ಪಕ್ಷದ ಒಳಗಿದ್ದರು. ೧೯೮೯ರಲ್ಲಿ ಅದರ ಮುಖ್ಯಮಂತ್ರಿಗಳೂ ಆದರು. ‘ಪ್ರತಿಗಾಮಿ’ ಸಂಸ್ಥಾ ಕಾಂಗ್ರೆಸ್ಸಿನಿಂದ ಬಂದ ಹೆಗಡೆಯವರ ಜನತಾ ಸರ್ಕಾರ ೧೯೮೩ರಲ್ಲಿ ಜಿಲ್ಲಾ ಪರಿಷತ್ತುಗಳ ಶಾಸನವನ್ನು ರೂಪಿಸಿತು. ಅಬ್ದುಲ್ ನಜೀರ್ ಸಾಹೇಬರ ಶ್ರಮದಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಶೇಕಡಾ ೨೫ರಷ್ಟು ಸ್ಥಾನ ಮೀಸಲಾಯಿತು. ರಾಷ್ಟ್ರೀಕರಣದ ಪಕ್ಷವೇ ೧೯೯೧ರಲ್ಲಿ ಸರ್ಕಾರಿ ಉದ್ದಿಮೆಗಳ ಷೇರು ಮಾರಾಟಕ್ಕೆ ಮೊದಲುಮಾಡಿತು. ‘ಪ್ರತಿಗಾಮಿ’ ಅಭ್ಯರ್ಥಿ ಸಂಜೀವರೆಡ್ಡಿಯವರಾದರೋ ೧೯೭೭ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು.

ಹೊರನಾಡಿನಲ್ಲಿರುವ ನಮಗೆ ನೇರವಾಗಿ ತಗಲುವ ಉದಾಹರಣೆಯೊಂದಿದೆ. ಅರಸರ ಕಾಲದ ಭೂಸುಧಾರಣಾ ಕಾಯಿದೆಯ ೭೯ಎ, ೭೯ಬಿ ವಿಧಿಗಳ ದೆಸೆಯಿಂದ, ಬೇಸಾಯಗಾರನಲ್ಲದ ಸಂಬಳದಾರನು ಊರಿನಲ್ಲಿ ಹೊಲ ಕೊಳ್ಳುವುದು ಸುಲಭವಿರಲಿಲ್ಲ. ನಮ್ಮಲ್ಲಿ ಹಲವರು ಅದಕ್ಕಾಗಿ ಗೊಣಗಿದ್ದೇವೆ. ಆದರೆ ಹೊಲ ಉಳುವವನ ಕೈ ತಪ್ಪಬಾರದೆಂಬ ತತ್ತ್ವ ಅದರ ಹಿಂದಿತ್ತು. ೨೦೧೫ರಲ್ಲಿ ಆದಾಯಮಿತಿಯನ್ನು ೨೫ ಲಕ್ಷ ರೂಪಾಯಿಗೆ ಏರಿಸಿದ್ದು ಅರಸರ ಪರಂಪರೆಯನ್ನು ಹೇಳಿಕೊಳ್ಳುವ ಕಾಂಗ್ರೆಸ್ ಸರ್ಕಾರ. ೨೦೨೦ರಲ್ಲಿ ಆ ವಿಧಿಗಳನ್ನೇ ತೆಗೆದುಹಾಕಿದ್ದು ಭಾರತೀಯ ಜನತಾ ಪಕ್ಷದ ಸರ್ಕಾರ. ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನನ್ನ ಪ್ರಶ್ನೆ ಇಷ್ಟೇ: ಈ ತತ್ತ್ವವನ್ನು ಕೈಬಿಡುವ ಮುನ್ನ ಯಾವ ಪಕ್ಷ ತನ್ನ ಸಾಮಾನ್ಯ ಸದಸ್ಯನ ಮತವನ್ನು ಎಣಿಸಿತು? ಕೇಳದೆ ಕೊಟ್ಟ ವರವನ್ನು ಕೇಳದೆಯೇ ಹಿಂತೆಗೆದುಕೊಳ್ಳಬಹುದು. ಗೇಣಿದಾರನ ಭೂಮಿಯೂ ಬ್ಯಾಂಕಿನ ಒಡೆತನವೂ ನಾಯಕರ ಜಗಳದ ಉಪಫಲವಾಗಿ ಬಂದರೆ, ಇನ್ನೊಂದು ಜಗಳದ ಉಪಫಲವಾಗಿ ಹೋಗಲೂಬಹುದು.

ಹಾಗಾದರೆ ಅಮೆರಿಕದ ಪದ್ಧತಿಯನ್ನು ಎತ್ತಿ ತರಬೇಕೇ? ನಾನು ಹಾಗೆನ್ನುವುದಿಲ್ಲ. ಅಲ್ಲಿ ಹಣದ ಹೊಳೆ ಹರಿಯುವುದನ್ನು ಲೋಕವೇ ಕಂಡಿದೆ. ಆದರೆ ಆಯ್ಕೆಯ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆಯುವುದು ಅಸಾಧ್ಯವೇನಲ್ಲ. ೨೦೨೨ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷ ಸ್ಥಾನಕ್ಕೆ ಗುಪ್ತ ಮತದಾನ ನಡೆದು, ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ೭,೮೯೭ ಮತ ಪಡೆದರು. ಶಶಿ ತರೂರರಿಗೆ ೧,೦೭೨ ಬಂದವು. ನಿಜಲಿಂಗಪ್ಪನವರ ಕಾಲದ ಆರು ಮತಗಳೆಲ್ಲಿ, ಈ ಸುಮಾರು ಒಂಬತ್ತು ಸಾವಿರವೆಲ್ಲಿ! ಅದು ಪಕ್ಷದ ಪದಕ್ಕೆ ನಡೆದದ್ದು, ರಾಷ್ಟ್ರಪತಿ ಅಭ್ಯರ್ಥಿಗಲ್ಲ, ಒಪ್ಪುತ್ತೇನೆ. ಆದರೂ ಎಣಿಸಿ ಹೇಳಿದ ಸಂಖ್ಯೆಗೆ ಒಂದು ಗೌರವವಿದೆ. ಸೋತವನೂ ಅದನ್ನು ಒಪ್ಪಿ ಪಕ್ಷದೊಳಗೇ ಉಳಿಯಬಲ್ಲ. ಎಲ್ಲ ಪಕ್ಷಗಳೂ ತಮ್ಮ ಪದಾಧಿಕಾರಿಗಳನ್ನೂ ಅಭ್ಯರ್ಥಿಗಳನ್ನೂ ಹೀಗೆ ಎಣಿಸಿ ಆರಿಸಲಿ, ಪ್ರತಿ ಅಭ್ಯರ್ಥಿಯೂ ತಾನು ಏನನ್ನು ಮಾಡುವೆನೆಂದು ಆಯ್ಕೆಗೆ ಮುನ್ನವೇ ಬರೆದುಕೊಡಲಿ ಎಂದು ಕೇಳುವುದು ಮತದಾರನ ಹಕ್ಕು.

ಬಂಧುಗಳೇ, ನಾವು ಎರಡು ರಾಜ್ಯಗಳ ರಾಜಕೀಯವನ್ನು ಏಕಕಾಲಕ್ಕೆ ನೋಡುವವರು. ಊರಿನಲ್ಲಿ ಒಬ್ಬರನ್ನೊಬ್ಬರು ಬೈಯುವ ಪಕ್ಷಗಳು ಇಲ್ಲಿ ಕೈಹಿಡಿಯುವುದನ್ನು, ಇಲ್ಲಿ ಬೈಯುವವರು ಅಲ್ಲಿ ಕೈಹಿಡಿಯುವುದನ್ನು ಕಾಣುತ್ತೇವೆ. ಈ ದೂರದ ನೋಟ ನಮಗೆ ದೊರೆತ ಅನುಕೂಲ. ಪಕ್ಷದ ಚಿಹ್ನೆಯನ್ನು ಕುಲದೇವರಂತೆ ತಲೆಮಾರಿನಿಂದ ತಲೆಮಾರಿಗೆ ಹೊತ್ತುಕೊಂಡು ಬರುವ ಬದಲು, ಹೆಸರನ್ನು ಮುಚ್ಚಿ ಕೆಲಸವನ್ನು ಓದುವ ಪರೀಕ್ಷೆಯನ್ನು ನಾವಾದರೂ ರೂಢಿ ಮಾಡಿಕೊಳ್ಳಬಹುದು. ನಿಜಲಿಂಗಪ್ಪನವರನ್ನು ‘ಪ್ರತಿಗಾಮಿ’ ಎಂಬ ಒಂದೇ ಪದದಲ್ಲಿ, ಅರಸರನ್ನು ‘ಪ್ರಗತಿಪರ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡದೆ, ಇಬ್ಬರೂ ನಾಡಿಗೆ ಕೊಟ್ಟದ್ದೇನು ಎಂದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬಹುದು. ಮುಂದಿನ ಸಲ ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ‘ನಿಮ್ಮನ್ನು ಆರಿಸಿದವರು ಎಷ್ಟು ಜನ, ಯಾವ ಮಾತಿನ ಮೇಲೆ?’ ಎಂದು ವಿನಯದಿಂದ ಕೇಳೋಣ.