ನೀರು ಕುಡಿಯುವ ಬ್ರೇಕ್ ಆಯಿಲ್



ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ನನ್ನ ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಒಮ್ಮೆ ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಹಿಂದೆ ಅಕ್ಕನ ಮಗ ಕುಳಿತಿದ್ದ. ತಿರುವಿನಿಂದ ತಿರುವಿಗೆ ಬ್ರೇಕ್ ಹಿಡಿದೇ ಬಂದಿದ್ದೆ. ಒಂದು ತಿರುವಿನಲ್ಲಿ ಬಲಗೈಯ ಲಿವರ್ ಯಾವ ಬಿಗಿಯೂ ಇಲ್ಲದೆ ಹಿಡಿಕೆಯವರೆಗೂ ಬಂದುಬಿಟ್ಟಿತು. ಹಿಂದಿನ ಬ್ರೇಕು ಒತ್ತಿ, ಗೇರು ಇಳಿಸಿ, ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಅರ್ಧ ಗಂಟೆ ಕಳೆದು ನೋಡಿದರೆ ಲಿವರ್ ಎಂದಿನಂತೆ ಬಿಗಿಯಾಗಿದೆ!

“ಮಾಮ, ಸರಿಹೋಯ್ತಲ್ಲ, ಹೊರಡೋಣ” ಎಂದ ಹುಡುಗ. ಸರಿಹೋಗಿರಲಿಲ್ಲ, ತಣ್ಣಗಾಗಿತ್ತು. ಉಳಿದ ದಾರಿಯನ್ನು ಮೊದಲ ಗೇರಿನಲ್ಲೇ ಇಳಿದೆವು.

ಪಾಸ್ಕಲನ ನಿಯಮವನ್ನು ನೀವು ಓದಿದ್ದೀರಿ. ಲಿವರ್ ಒತ್ತಿದಾಗ ಉಂಟಾಗುವ ಒತ್ತಡವನ್ನು ದ್ರವವು ಚಕ್ರದ ಬಳಿಯ ಕ್ಯಾಲಿಪರಿಗೆ ಒಯ್ಯುತ್ತದೆ. ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ದ್ರವವನ್ನು ಹಿಸುಕಿ ಚಿಕ್ಕದಾಗಿಸಲಾಗದು ಎಂಬುದೇ ಇದರ ಆಧಾರ. ಆದರೆ ಆವಿಯನ್ನು ಹಿಸುಕಬಹುದು. ದ್ರವ ಕುದಿದು ಗುಳ್ಳೆ ಎದ್ದರೆ, ನಮ್ಮ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ತಣಿದಾಗ ಗುಳ್ಳೆ ಮಾಯ. ಆಮೇಲೆ ಗ್ಯಾರೇಜಿನಲ್ಲಿ ತೋರಿಸಿದರೆ ದೋಷವೇ ಕಾಣದು.

ಬಾಯಿಮಾತಿನಲ್ಲಿ ಬ್ರೇಕ್ ಆಯಿಲ್ ಎಂದರೂ ಇದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯವು. ಗಾಳಿಯ ತೇವವನ್ನು ಸದ್ದಿಲ್ಲದೆ ಹೀರುತ್ತವೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಾನು ವರ್ಷಗಟ್ಟಲೆ ಮೇಲೆ ಮೇಲೆ ತುಂಬಿಸಿದ್ದೆನೇ ಹೊರತು ಬದಲಿಸಿರಲಿಲ್ಲ. ವಿಜ್ಞಾನ ಓದಿದವನಿಗೆ ಇದು ನಾಚಿಕೆಯ ಮಾತು. ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ.

ಊರಿಗೆ ಬಂದು ಪರಿಚಯದ ಮೆಕ್ಯಾನಿಕ್ ಎದುರಿನಲ್ಲೇ ಆ ಕೆಲಸ ಮಾಡಿದೆವು. ಪೆಟ್ರೋಲ್ ಟ್ಯಾಂಕಿಗೆ ಒದ್ದೆ ಬಟ್ಟೆ ಹೊದಿಸಿದೆವು, ಏಕೆಂದರೆ ಈ ದ್ರವ ಬಣ್ಣವನ್ನು ಕಿತ್ತುಹಾಕುತ್ತದೆ. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ದ್ರವ ಹಾಕಿದ ಸೀಸೆಯಲ್ಲಿ ಮುಳುಗಿಸಿದೆವು. ಹುಡುಗ ಲಿವರ್ ಒತ್ತಿ ಹಿಡಿಯುತ್ತಿದ್ದ. ನಾನು ನಿಪ್ಪಲ್ ಸಡಿಲಿಸಿ, ದ್ರವ ಹರಿದ ಮೇಲೆ ಬಿಗಿ ಮಾಡುತ್ತಿದ್ದೆ. ಅನಂತರವೇ ಅವನು ಕೈ ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿಯ ದ್ರವ ಪೂರ್ತಿ ಇಳಿದರೂ ಅಷ್ಟೇ. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣ, ಕೊನೆಗೆ ತಿಳಿ ಜೇನಿನ ಬಣ್ಣ.

ಎ.ಬಿ.ಎಸ್. ಇರುವ ಗಾಡಿಯಾದರೆ ಗ್ಯಾರೇಜಿಗೇ ಬಿಡಿ. ನಮ್ಮ ಸಾಮಾನ್ಯ ಬೈಕುಗಳ ಕ್ಲಚ್ಚಿಗೆ ಇರುವುದು ಕೇಬಲ್. ದ್ರವದ ಕ್ಲಚ್ ಇರುವ ದೊಡ್ಡ ಗಾಡಿಗಳಲ್ಲಿ ಕ್ರಮ ಬಹುಮಟ್ಟಿಗೆ ಇದೇ. ಆದರೆ ಕೆಲವು ಕ್ಲಚ್ಚುಗಳು ಖನಿಜ ತೈಲ ಕೇಳುತ್ತವೆ. ಅವಕ್ಕೆ ಡಾಟ್ 4 ಸುರಿದರೆ ರಬ್ಬರ್ ಸೀಲುಗಳು ಹಾಳು. ಮುಚ್ಚಳದ ಮೇಲಿನ ಬರಹ ಓದಿಯೇ ಮುಚ್ಚಳ ತೆಗೆಯಿರಿ.

ಕೆಲಸ ಮುಗಿದಾಗ ಹೊಸ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. “ಮುಂದಿನ ಸಲಕ್ಕೆ ಇಡೋಣವೇ ಮಾಮ?” ಎಂದು ಕೇಳಿದ. ಬಾಯಿ ತೆರೆದ ಡಬ್ಬಿ ಕಪಾಟಿನಲ್ಲಿ ಕೂತೇ ನೀರು ಕುಡಿಯುತ್ತದಪ್ಪ, ಬೇಡ ಎಂದೆ.