ಒಂಟಿ ಪದರದ ಬೆಳಕು



ಯಂತ್ರಗಳ ಸವೆತ ತಡೆಯಲು ಗ್ರೀಸಿಗೆ ಬೆರೆಸುವ ಒಂದು ಕಪ್ಪು ಪುಡಿಯಿದೆ. ಅದರ ಹೆಸರು ಮಾಲಿಬ್ಡಿನಂ ಡೈಸಲ್ಫೈಡ್. ಪುಸ್ತಕದ ಹಾಳೆಗಳಂತೆ ಅದರ ಪದರಗಳು ಒಂದರ ಮೇಲೊಂದು ಸಡಿಲವಾಗಿ ಕುಳಿತಿರುತ್ತವೆ. ಆದ್ದರಿಂದಲೇ ಅದು ಜಾರುತ್ತದೆ, ಅಂಟು ಟೇಪಿನಿಂದ ಪದರ ಪದರವಾಗಿ ಬಿಡಿಸಲೂ ಬರುತ್ತದೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿನಿಂದ ಗ್ರಾಫೀನ್ ಪಡೆದದ್ದು ಇಂಥದೇ ಟೇಪಿನಿಂದ. 2010ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಅದೇ 2010ರಲ್ಲಿ ಅಮೆರಿಕದ ಕೊಲಂಬಿಯಾ ಮತ್ತು ಬರ್ಕ್ಲಿಯ ತಂಡಗಳು ಈ ಕಪ್ಪು ವಸ್ತುವಿನ ಒಂದು ಗುಣವನ್ನು ತೋರಿಸಿಕೊಟ್ಟವು. ದಪ್ಪ ಹರಳು ಬೆಳಕನ್ನು ಸೂಸುವುದೇ ಇಲ್ಲವೆನ್ನುವಷ್ಟು ಕಡಿಮೆ. ಸುಮಾರು 0.65 ನ್ಯಾನೊಮೀಟರ್ ದಪ್ಪದ ಒಂಟಿ ಪದರವಾದರೋ ಕೆಂಪು ಬೆಳಕು ಕೊಡುತ್ತದೆ! ದಪ್ಪ ಹರಳಿನಲ್ಲಿ ಎಲೆಕ್ಟ್ರಾನು ಕೆಳಮಟ್ಟಕ್ಕೆ ಇಳಿಯಬೇಕಾದರೆ ಶಕ್ತಿಯ ಜೊತೆಗೆ ಸಂವೇಗವನ್ನೂ ಬದಲಿಸಬೇಕು. ಒಂಟಿ ಪದರದಲ್ಲಿ ಆ ತೊಡಕಿಲ್ಲ. ಅದು ನೇರವಾಗಿ ಇಳಿದು ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ.

ಇಳಿಯುವ ಮುನ್ನ ಎಲೆಕ್ಟ್ರಾನು, ತಾನು ಬಿಟ್ಟುಬಂದ ಖಾಲಿ ಸ್ಥಾನದೊಡನೆ ಜೋಡಿಯಾಗಿರುತ್ತದೆ. ಈ ಜೋಡಿಗೆ ಎಕ್ಸಿಟಾನ್ ಎಂದು ಹೆಸರು. ಒಂಟಿ ಪದರದಲ್ಲಿ ಇದರ ಬಂಧ ಗಟ್ಟಿ. ಕೋಣೆಯ ಉಷ್ಣತೆಯಲ್ಲೂ ಕಳಚದು. ಪದರವನ್ನು ಎರಡು ಕನ್ನಡಿಗಳ ನಡುವೆ ಇಟ್ಟರೆ ಬೆಳಕು ಹಿಂದಕ್ಕೂ ಮುಂದಕ್ಕೂ ಹಾಯುತ್ತಾ ಎಕ್ಸಿಟಾನಿನೊಡನೆ ಬೆರೆತು, ಅರ್ಧ ಬೆಳಕು ಅರ್ಧ ವಸ್ತುವಾದ ಪೋಲಾರಿಟಾನ್ ಉಂಟಾಗುತ್ತದೆ. 2015ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ವಿನೋದ್ ಮೆನನ್ ಅವರ ತಂಡ ಇದನ್ನು ಕೋಣೆಯ ಉಷ್ಣತೆಯಲ್ಲೇ ಸಾಧಿಸಿತು. ಅಲ್ಪ ಶಕ್ತಿಯ ಲೇಸರ್, ಬೆಳಕಿನಿಂದಲೇ ಬೆಳಕನ್ನು ತಡೆದು ಬಿಡುವ ಸ್ವಿಚ್ಚು, ಇವು ಈ ದಾರಿಯ ಗುರಿಗಳು.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 2013ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ ಗ್ರಾಫೀನ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡನ್ನು ಜೋಡಿಸಿ, ಅತಿ ಮಂದ ಬೆಳಕನ್ನೂ ಗುರುತಿಸುವ, ಅದನ್ನು ನೆನಪಿಟ್ಟುಕೊಳ್ಳುವ ಸಾಧನವನ್ನು ರಚಿಸಿತು.

ಆದರೂ ಇವೆಲ್ಲ ಬಹುಮಟ್ಟಿಗೆ ಪ್ರಯೋಗಾಲಯದ ಸಾಧನೆಗಳು. ಟೇಪಿನಿಂದ ಸಿಗುವುದು ಕೂದಲೆಳೆಯ ಅಗಲದ ಚೂರು. ಕಾರ್ಖಾನೆಗೆ ಬೇಕಾದದ್ದು ತಟ್ಟೆಯಗಲದ, ದೋಷವಿಲ್ಲದ ಪದರ. ಒಂದು ಗಂಧಕದ ಪರಮಾಣು ತಪ್ಪಿದರೂ ಅಲ್ಲಿ ಬೆಳಕು ನಂದಬಹುದು.

ವಿದ್ಯಾರ್ಥಿಗಳೇ, ಬಿ.ಎಸ್‌ಸಿ. ಓದಿ ಏನು ಮಾಡುವುದೆಂದು ಕೇಳುವವರಿದ್ದಾರೆ. ಆ ಪದರವನ್ನು ಬೆಳೆಸಲು ರಸಾಯನಶಾಸ್ತ್ರ ಬೇಕು, ಅರಿಯಲು ಭೌತಶಾಸ್ತ್ರ ಬೇಕು, ಲೆಕ್ಕ ಹಾಕಲು ಗಣಿತ ಬೇಕು. ಕೆಲಸ ಇನ್ನೂ ಬಾಕಿಯಿದೆ. ಅದು ನಿಮ್ಮಿಂದಲೂ ಆಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.